ಲಾರಿಯ ಪ್ಲಗ್ಗುತಂತಿಗಳು

ಬನಶಂಕರಿಯ ನಮ್ಮ ಬೀದಿಯಲ್ಲಿ ಹಳೆಯ ಪೆಟ್ರೋಲ್ ಲಾರಿಯೊಂದುಂಟು. ಸಿನಿಮಾದವರಿಂದ ಬರುವ ಅದರ ಬಾಡಿಗೆಯೇ ಒಂದು ಸಂಸಾರಕ್ಕೆ ಆಧಾರ. ಮಳೆ ಹನಿದರೆ ಸಾಕು, ಎಂಜಿನ್ನು ಕೆಮ್ಮತೊಡಗುವುದು. ಯಜಮಾನರು ಪ್ಲಗ್ಗುಗಳನ್ನು ದೂರಿ ಮತ್ತೆ ಮತ್ತೆ ಹೊಸತನ್ನು ಕೊಳ್ಳುವರು. ಆಡುಗೋಡಿಯ ಮೈಕೋ ಕಾರ್ಖಾನೆಯಿಂದ ಪ್ಲಗ್ಗಿನ ಹೆಸರು ಮನೆಮಾತಾದುದರಿಂದಲೋ ಏನೋ, ತಂತಿಯನ್ನು ನೆನೆಯುವವರು ಕಡಮೆ. ದೋಷವಿದ್ದುದು ತಂತಿಗಳಲ್ಲಿಯೇ.

ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ಮೂಲಕ ಇವುಗಳಲ್ಲಿ ಹರಿಯುವ ವಿದ್ಯುತ್ತು ಹತ್ತು ಸಾವಿರ ವೋಲ್ಟಿಗೂ ಮಿಕ್ಕುದು. ರಬ್ಬರಿನ ಹೊದಿಕೆ ಬಿರಿದು ತೇವ ತಗುಲಿತೆಂದರೆ, ಅದು ಪ್ಲಗ್ಗನ್ನು ಸೇರುವ ಮೊದಲೇ ಎಂಜಿನ್ನಿನ ಲೋಹಕ್ಕೆ ಹಾರುವುದು. ಕತ್ತಲಲ್ಲಿ ಬಾನೆಟ್ಟು ತೆರೆದು, ಎಂಜಿನ್ನು ಓಡುತ್ತಿರುವಾಗ ದೂರದಿಂದ ನೋಡಿದರೆ ನೀಲಿ ಕಿಡಿ ಕಾಣುವುದು. ವಾಚಕರು ಕೈಯಿಂದ ಮುಟ್ಟಿ ಪರೀಕ್ಷಿಸಕೂಡದು.

ಬದಲಿಸುವುದು ಎಂಜಿನ್ನು ತಣಿದ ಮೇಲೆ, ಬ್ಯಾಟರಿಯನ್ನು ಕಳಚಿಯೇ. ತಂತಿಯನ್ನು ಹಿಡಿದೆಳೆದರೆ ಒಳಗಿನ ಎಳೆ ಕಡಿಯುವುದು. ತುದಿಯ ರಬ್ಬರು ಟೊಪ್ಪಿಗೆಯನ್ನು ಹಿಡಿದು, ಮೆಲ್ಲನೆ ತಿರುಚಿ ತೆಗೆಯಬೇಕು. ಎಲ್ಲವನ್ನೂ ಒಮ್ಮೆಗೇ ಕಿತ್ತು ರಾಶಿ ಹಾಕುವ ಆತುರಗಾರರನ್ನು ನಾವು ಕಂಡಿದ್ದೇವೆ. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿರುವ ಎಂಜಿನ್ನು ಸಾಮಾನ್ಯವಾಗಿ ಉರಿಯುವ ಕ್ರಮ 1-5-3-6-2-4. ಕುಳಿತ ಸಾಲು ಬೇರೆ, ಸರದಿ ಬೇರೆ. ಘನಪಾಠವನ್ನು ಕೇಳಿ ಬಲ್ಲವರಿಗೆ ಇದು ವಿಚಿತ್ರವೆನಿಸದು. ಎರಡು ತಂತಿಗಳು ಅದಲುಬದಲಾದರೆ ಎಂಜಿನ್ನು ನಡುಗುವುದು. ಕಾರ್ಬ್ಯುರೇಟರಿನ ಕಡೆಗೆ ಜ್ವಾಲೆ ಚಿಮ್ಮುವುದೂ ಉಂಟು. ಆದುದರಿಂದ ಒಂದನ್ನು ಕಳಚಿ, ಅದರಷ್ಟೇ ಉದ್ದದ ಹೊಸದನ್ನು ಎರಡು ತುದಿಗಳಲ್ಲಿಯೂ ಬಿಗಿಯಾಗಿ ಕೂರಿಸಿ, ಬಳಿಕವೇ ಮುಂದಿನದಕ್ಕೆ ಕೈಯಿಡತಕ್ಕದ್ದು. ಹೊಸ ತಂತಿಯು ಕಾದ ಹೊಗೆಕೊಳವೆಗೆ ತಗುಲದಂತೆಯೂ ನೋಡಿಕೊಳ್ಳಬೇಕು.

ಯಜಮಾನರು ಜೆ. ಸಿ. ರಸ್ತೆಯಿಂದ ಆರು ತಂತಿಗಳನ್ನು ತಂದು ಹೀಗೆಯೇ ಹಾಕಿಸಿದರು. ಮೊನ್ನೆಯ ಮಳೆಯಲ್ಲಿ ಲಾರಿ ಕೆಮ್ಮಲಿಲ್ಲ.