ದೋಣಿ ಹಳೆಯದು, ಎಂಜಿನ್ ಹೊಸದು

ಕೆರೆ ತುಂಬಿದರೆ ಅದೇ ದೊಡ್ಡ ಸುದ್ದಿಯಾಗುವ ಸೀಮೆ ನಮ್ಮದು. ಐ.ಡಿ.ಹಳ್ಳಿಯ ಓದುಗರಿಗೆ ದೋಣಿಯ ಬಗ್ಗೆ ಸಂಪಾದಕೀಯವೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸಹಜವೇ. ಆದರೆ ನೀರಿನ ಒಡನಾಟ ಇಲ್ಲದಿರುವುದರಿಂದಲೇ ಈ ವಿಷಯ ನಮಗೆ ಹೆಚ್ಚು ಸಂಬಂಧಿಸಿದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕುಟುಂಬಗಳು ಬೇಸಿಗೆ ರಜೆಯಲ್ಲೋ ಈದ್‌ನ ಮರುದಿನಗಳಲ್ಲೋ ಮಲ್ಪೆ, ಮುರ್ಡೇಶ್ವರ, ಕಾರವಾರದತ್ತ ಹೊರಡುತ್ತವೆ. ಈಜು ಬಾರದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ದೋಣಿ ಏರುತ್ತವೆ. ಆ ದೋಣಿಗೆ ಎಂಜಿನ್ ಹೇಗೆ ಬಿಗಿದಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ಚಿಕ್ಕ ದೋಣಿಗಳ ಎಂಜಿನ್ ಹಿಂಬದಿಯ ಅಡ್ಡಹಲಗೆಯ ಮೇಲೆ ತೂಗುತ್ತದೆ. ದೋಣಿಯನ್ನು ಮುಂದಕ್ಕೆ ತಳ್ಳುವ ಬಲವೆಲ್ಲ ಆ ಒಂದು ಹಲಗೆಯ ಮೇಲೆಯೇ ಬೀಳುತ್ತದೆ. ಹುಟ್ಟು ಹಾಕಲೆಂದು ಅಥವಾ ಸಣ್ಣ ಎಂಜಿನ್‌ಗೆಂದು ಕಟ್ಟಿದ ಹಳೆಯ ದೋಣಿಗೆ ಹೆಚ್ಚು ಶಕ್ತಿಯ, ಹೆಚ್ಚು ತೂಕದ ಎಂಜಿನ್ ಏರಿಸಿದರೆ ಅಪಾಯ ಅಲ್ಲಿಂದಲೇ ಆರಂಭ. ಬೋಲ್ಟಿನ ತೂತುಗಳಿಂದ ನೀರು ಇಳಿದು ಮರ ಒಳಗೊಳಗೇ ಕೊಳೆಯುತ್ತದೆ. ಫೈಬರ್ ದೋಣಿಗಳಲ್ಲೂ ಹೊರಗೆ ಹೊಳಪು ಇರುತ್ತದೆ, ಒಳಗಿನ ಪ್ಲೈವುಡ್ ನೆನೆದು ಮೆತ್ತಗಾಗಿರುತ್ತದೆ. ಎಂಜಿನ್‌ನ ನಡುಕಕ್ಕೆ ಬಿಗಿತಿರುಪುಗಳು ಸಡಿಲಗೊಳ್ಳುತ್ತವೆ. ಒಂದು ದಿನ ತಟ್ಟನೆ ವೇಗ ಹೆಚ್ಚಿಸಿದಾಗ ಹಲಗೆ ಸೀಳಿ ಎಂಜಿನ್ ನೀರುಪಾಲಾಗಬಹುದು. ಹಲಗೆ ಉಳಿದರೂ ಹಿಂಭಾಗ ಭಾರಕ್ಕೆ ತಗ್ಗಿ ಹಿಂದಿನಿಂದ ಬರುವ ಅಲೆ ಒಳನುಗ್ಗಬಹುದು.

ಪರಿಹಾರ ದುಬಾರಿಯೇನಲ್ಲ. ಕೊಳೆತ ಹಲಗೆ ಬದಲಿಸಬೇಕು. ಕೇವಲ ತಿರುಪು ಬಿಗಿಯದೆ, ಆರಪಾರು ಬೋಲ್ಟು ಹಾಕಿ ಒಳಬದಿಗೆ ಲೋಹದ ಪಟ್ಟಿ ಕೊಡಬೇಕು. ತೂತುಗಳಿಗೆ ನೀರಿಳಿಯದಂತೆ ಲೇಪ ಹಚ್ಚಬೇಕು. ಎಂಜಿನ್‌ಗೆ ಒಂದು ಸರಪಳಿಯ ಆಸರೆ ಇರಬೇಕು. ಚಾಲಕ ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಮಾಡುವ ಹಗ್ಗ ಆತನ ಮೈಗೆ ಸಿಕ್ಕಿಸಿರಬೇಕು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಅಸುನೀಗಿದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ ಮುಳುಗಿದರು. ಅವರಲ್ಲಿ 11 ಮಂದಿ ಒಂದೇ ಮುಸ್ಲಿಮ್ ಕುಟುಂಬದವರು. ಈ ಎರಡೂ ಕಡೆ ಎಂಜಿನ್ ಕಳಚಿರಲಿಲ್ಲ. ಮಿತಿಮೀರಿ ಜನರನ್ನು ತುಂಬಲಾಗಿತ್ತು. ಆದರೆ ತಾನೂರಿನ ದೋಣಿ ಮೂಲತಃ ಮೀನುಗಾರಿಕೆಯದು, ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದು. ಒಂದು ಕೆಲಸಕ್ಕೆ ಕಟ್ಟಿದ್ದನ್ನು ಇನ್ನೊಂದಕ್ಕೆ ಹೂಡುವ, ನಡೆದಷ್ಟು ದಿನ ನಡೆಯಲಿ ಎನ್ನುವ ಮನೋಭಾವ ಅಲ್ಲಿಯೂ ಇಲ್ಲಿಯೂ ಒಂದೇ.

ಬಡ ಮೀನುಗಾರನನ್ನು ದೂರಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಹೊಸ ದೋಣಿ ಕೊಳ್ಳುವ ಶಕ್ತಿ ಆತನಿಗಿಲ್ಲ. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಎಂಜಿನ್‌ಗೆ ಬದಲಾಗುವ ನಾಡದೋಣಿಗಳಿಗೆ ತಲಾ 50 ಸಾವಿರ ರೂ. ಸಹಾಯಧನವನ್ನು ರಾಜ್ಯ ಸರಕಾರ 2023ರ ಬಜೆಟ್‌ನಲ್ಲಿ ಘೋಷಿಸಿತು. ಸ್ವಾಗತಾರ್ಹ. ಆದರೆ ಎಂಜಿನ್‌ಗೆ ಹಣ ಕೊಡುವಾಗ ಅದನ್ನು ಹೊರುವ ಹಲಗೆಯ ತಪಾಸಣೆಯೂ ದುರಸ್ತಿಯ ವೆಚ್ಚವೂ ಅದರೊಂದಿಗೆ ಸೇರಬೇಕೆಂದು ನಾವು ಆಗ್ರಹಿಸುತ್ತೇವೆ. ಒಳನಾಡಿನ ನದಿ, ಜಲಾಶಯಗಳ ಯಾಂತ್ರಿಕ ದೋಣಿಗಳಿಗೆ 2021ರ ಒಳನಾಡು ಜಲನೌಕೆಗಳ ಕಾಯ್ದೆ ನೋಂದಣಿ ಮತ್ತು ತಪಾಸಣೆಯನ್ನು ವಿಧಿಸಿದೆ. ಕಾನೂನು ಇದೆ. ಹೆಣಗಳು ತೇಲಿದ ಮೇಲೆ ಮಾತ್ರ ಅದು ಎಚ್ಚರಗೊಂಡರೆ ಪ್ರಯೋಜನವೇನು?

ಇನ್ನು ನಮ್ಮೊಳಗಿನ ಮಾತು. ದುರಂತ ಸಂಭವಿಸಿದಾಗ 'ತಕ್‌ದೀರ್' ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವ ರೂಢಿ ನಮ್ಮ ಸಮುದಾಯದಲ್ಲಿ ಬಲವಾಗಿ ಬೇರೂರಿದೆ. ವಿಧಿಯಲ್ಲಿ ವಿಶ್ವಾಸ ನಮ್ಮ ಈಮಾನಿನ ಭಾಗ, ನಿಜ. ಆದರೆ ಒಂಟೆಯನ್ನು ಮೊದಲು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಕಲಿಸಿದವರು ಪ್ರವಾದಿ(ಸ)ಯವರೇ. ಬೋಲ್ಟು ಬಿಗಿಯದೆ ದುಆ ಮಾಡುವುದು ತವಕ್ಕುಲ್ ಅಲ್ಲ, ಅಲಕ್ಷ್ಯ. ದೋಣಿಯವನಿಗೆ ಪ್ರಯಾಣಿಕರ ಪ್ರಾಣ ಅಮಾನತ್. ತಂದೆಗೆ ಮಕ್ಕಳ ಪ್ರಾಣವೂ ಅಮಾನತ್ತೇ.

ಎರಡು ಅಂತಸ್ತಿನ ಹಡಗಿನ ದೃಷ್ಟಾಂತವೂ ಪ್ರವಾದಿ(ಸ)ಯವರದೇ. ಕೆಳಗಿನವರು ನೀರಿಗಾಗಿ ತಮ್ಮ ಪಾಲಿನ ತಳದಲ್ಲಿ ತೂತು ಕೊರೆಯಹೊರಟಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ತಡೆದರೆ ಎಲ್ಲರೂ ಉಳಿಯುತ್ತಾರೆ. ಆದ್ದರಿಂದ ಮುಂದಿನ ರಜೆಯಲ್ಲಿ ದೋಣಿ ಏರುವ ಮುನ್ನ ಸಂಕೋಚ ಬಿಟ್ಟು ಕೇಳಿರಿ: ಪರವಾನಗಿ ಇದೆಯೇ? ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಎಂಜಿನ್ ಅಲುಗಾಡುತ್ತಿದೆಯೇ, ಹಲಗೆಯಲ್ಲಿ ಬಿರುಕಿದೆಯೇ? ಉತ್ತರ ತೃಪ್ತಿ ತರದಿದ್ದರೆ ದಡದಲ್ಲೇ ಉಳಿಯಿರಿ. ಮಕ್ಕಳು ಒಂದು ಗಳಿಗೆ ಅತ್ತಾರು. ಅವರನ್ನು ಸಂತೈಸಲು ನಾವು ಇರುತ್ತೇವೆ, ಅವರೂ ನಮ್ಮೊಂದಿಗಿರುತ್ತಾರೆ.