ಗುಲಾಬಿ ಮನೆಯ ಹಾಡುಗಳು, ಅವಸರವಿಲ್ಲದ ಕಿವಿಗಳು

1968ರಲ್ಲಿ ಎರಿಕ್ ಕ್ಲಾಪ್ಟನ್ ಅವರಿಗೆ 23 ವರ್ಷ. ಗಿಟಾರ್ ಹಿಡಿದ ಹುಡುಗರೆಲ್ಲ ಅವರಂತೆ ನುಡಿಸಲು ಹೆಣಗುತ್ತಿದ್ದ ಕಾಲ. ಅವರಿದ್ದ ‘ಕ್ರೀಮ್’ ತಂಡ ಹೋದಲ್ಲೆಲ್ಲ ಸಭಾಂಗಣ ಭರ್ತಿ. ಅಂಥ ಹೊತ್ತಿನಲ್ಲಿ ಅವರ ಕಿವಿಗೆ ಒಂದು ಹೊಸ ತಂಡದ ಮೊದಲ ಆಲ್ಬಂ ಬಿತ್ತು: ‘ಮ್ಯೂಸಿಕ್ ಫ್ರಮ್ ಬಿಗ್ ಪಿಂಕ್’. ಅದನ್ನು ಕೇಳಿದ ಮೇಲೆ ತಾವು ನುಡಿಸುತ್ತಿದ್ದ ಉದ್ದುದ್ದ ಸೋಲೋಗಳ ಅಬ್ಬರ ಅವರಿಗೇ ಬೇಡವಾಯಿತು. ಕ್ರೀಮ್ ಒಡೆಯಲು ಒಳಜಗಳಗಳೂ ಕಾರಣವಾಗಿದ್ದವು, ನಿಜ. ಆದರೆ ಈ ಆಲ್ಬಂ ತಮ್ಮ ದಾರಿಯನ್ನೇ ಬದಲಿಸಿತೆಂದು ಕ್ಲಾಪ್ಟನ್ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಅದನ್ನು ಮಾಡಿದವರ ಜೊತೆ ಸೇರಿಕೊಳ್ಳಬೇಕೆಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ವರೆಗೆ ಹೋಗಿ, ಬಾಯಿಬಿಟ್ಟು ಕೇಳಲಾಗದೆ ಹಿಂತಿರುಗಿದ್ದನ್ನು 1994ರಲ್ಲಿ ತುಂಬಿದ ಸಭೆಯಲ್ಲಿ ನೆನೆದರು.

ಆ ತಂಡದ ಹೆಸರು ‘ದಿ ಬ್ಯಾಂಡ್’. ಅಮೆರಿಕದ ಹಳ್ಳಿಗಾಡಿನ ಹಾಡು, ಬ್ಲೂಸ್, ಚರ್ಚಿನ ಗಾಸ್ಪೆಲ್, ಹಳೆಯ ರಾಕ್ ಅಂಡ್ ರೋಲ್ ಇವನ್ನೆಲ್ಲ ಕೂಡಿಸಿ ಕಟ್ಟುವ, ಇಂದು ‘ರೂಟ್ಸ್ ರಾಕ್’ ಎನ್ನುವ ಸಂಗೀತಕ್ಕೆ ನೆಲೆ ಒದಗಿಸಿದ ದಾಖಲೆಗಳಲ್ಲಿ ಈ ಆಲ್ಬಂ ಮೊದಲ ಸಾಲಿನದು. ಹೀಗಿದ್ದೂ 1968ರ ಜುಲೈ 1ರಂದು ಕ್ಯಾಪಿಟಲ್ ಕಂಪನಿ ಇದನ್ನು ಹೊರತಂದಾಗ ಅಂಗಡಿಗಳ ಮುಂದೆ ಜನ ಮುಗಿಬೀಳಲಿಲ್ಲ. ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಅದು ಏರಿದ ಗರಿಷ್ಠ ಎತ್ತರ 30ನೇ ಸ್ಥಾನ. ಈಗ ಜಗತ್ತೇ ಬಲ್ಲ ‘ದಿ ವೆಯ್ಟ್’ ಹಾಡು ಸಿಂಗಲ್ ಆಗಿ 63ರಲ್ಲೇ ನಿಂತುಬಿಟ್ಟಿತು.

ಬಿಡುಗಡೆಯಾದ ವಾರದಲ್ಲೇ ಅಂಕ ಕೊಟ್ಟು, ನಕ್ಷತ್ರ ಎಣಿಸಿ, ತೀರ್ಪು ಬರೆದು ಮುಗಿಸುವ ಇಂದಿನ ರೂಢಿಯಲ್ಲಿ ಈ ಆಲ್ಬಂ ಉಳಿಯುತ್ತಿತ್ತೇ? ಅನುಮಾನ. ಹೊಸಬರ ಮೊದಲ ಆಲ್ಬಂ ಬಗ್ಗೆ, ಅದರಲ್ಲೂ ಹಳೆಯ ಬೇರುಗಳಿಂದ ಚಿಗುರಿದ ಸಂಗೀತದ ಬಗ್ಗೆ, ಕೇಳುಗರ ಅಭಿಪ್ರಾಯ ನಿಧಾನವಾಗಿಯೇ ಹದಗೊಳ್ಳಬೇಕು. ಬಿಗ್ ಪಿಂಕ್‌ನ ಕಥೆ ಇದಕ್ಕೆ ಬಲವಾದ ಸಾಕ್ಷಿ.

ಕೇಳುಗರ ಅಭಿಪ್ರಾಯ ಎಷ್ಟು ಕಟುವಾಗಿರಬಲ್ಲದು ಎಂಬುದು ದಿ ಬ್ಯಾಂಡ್‌ನ ಐವರಿಗೆ ಚೆನ್ನಾಗಿಯೇ ಗೊತ್ತಿತ್ತು. ರಾಬಿ ರಾಬರ್ಟ್ಸನ್, ರಿಕ್ ಡ್ಯಾಂಕೊ, ರಿಚರ್ಡ್ ಮ್ಯಾನ್ಯುಯೆಲ್, ಗಾರ್ತ್ ಹಡ್ಸನ್ ಕೆನಡಾದ ಆಂಟಾರಿಯೊ ಪ್ರಾಂತದವರು. ಡ್ರಮ್ಸ್ ನುಡಿಸುತ್ತಿದ್ದ ಲೀವನ್ ಹೆಲ್ಮ್ ಒಬ್ಬರೇ ಅಮೆರಿಕದವರು, ಆರ್ಕನ್ಸಾದ ಹತ್ತಿ ಬೆಳೆಯುವ ನಾಡಿನವರು. ‘ಹಾಕ್ಸ್’ ಎಂಬ ಹೆಸರಿನಲ್ಲಿ ಗಾಯಕ ರಾನಿ ಹಾಕಿನ್ಸ್ ಅವರ ಹಿಂದೆ ನಿಂತು, ಟೊರಾಂಟೊದ ಬಾರ್‌ಗಳಲ್ಲಿ ರಾತ್ರಿ ಮೇಲೆ ರಾತ್ರಿ ನುಡಿಸಿ ಪಳಗಿದರು. 1961ರಲ್ಲಿ ಹಡ್ಸನ್ ಸೇರಿದ್ದೇ ಒಂದು ಕರಾರಿನ ಮೇಲೆ: ಉಳಿದ ಪ್ರತಿಯೊಬ್ಬರೂ ವಾರಕ್ಕೆ 10 ಡಾಲರ್ ಕೊಟ್ಟು ಅವರಿಂದ ಸಂಗೀತ ಪಾಠ ಹೇಳಿಸಿಕೊಳ್ಳಬೇಕು. ಮಗ ಬಾರ್‌ನಲ್ಲಿ ನುಡಿಸುತ್ತಾನೆ ಎನ್ನುವ ಬದಲು ಸಂಗೀತ ಕಲಿಸುತ್ತಾನೆ ಎಂದು ಮನೆಯವರು ಹೇಳಿಕೊಳ್ಳಲಿ ಎಂಬುದು ಅದರ ಹಿಂದಿನ ಆಸೆ.

1965ರಲ್ಲಿ ಜಾನಪದ ಗಾಯಕರೆಂದು ಹೆಸರಾಗಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಕೈಗೆತ್ತಿಕೊಂಡಾಗ ಅವರ ಜೊತೆ ಊರೂರು ಸುತ್ತಿದ್ದು ಇದೇ ಹಾಕ್ಸ್. ಜಾನಪದ ಸಂಗೀತಕ್ಕೆ ದ್ರೋಹವಾಯಿತೆಂದು ಸಿಟ್ಟಾದ ಶ್ರೋತೃಗಳು ಸಭೆ ಸಭೆಯಲ್ಲೂ ಕೂಗಿ ಛೀಮಾರಿ ಹಾಕಿದರು. ದಿನವೂ ಬೈಗುಳ ಕೇಳಿ ಬೇಸತ್ತ ಹೆಲ್ಮ್ ಆ ವರ್ಷದ ಕೊನೆಯಲ್ಲಿ ಡ್ರಮ್ಸ್ ಬಿಟ್ಟು ಹೊರಟೇಹೋದರು, ಮೆಕ್ಸಿಕೊ ಕೊಲ್ಲಿಯ ತೈಲ ಬಾವಿಗಳ ಕೆಲಸಕ್ಕೆ ಸೇರಿದರು. 1966ರ ಮೇ 17ರಂದು ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ಕೇಳುಗ ಡಿಲನ್ ಅವರನ್ನು ಜೂಡಾಸ್, ಅಂದರೆ ಏಸುವಿಗೆ ದ್ರೋಹ ಬಗೆದವನ ಹೆಸರಿನಿಂದ, ಕೂಗಿದ್ದು ರಾಕ್ ಚರಿತ್ರೆಯ ಅತಿ ಪ್ರಸಿದ್ಧ ಬೈಗುಳ. ಆ ಕ್ಷಣ ಡಿಲನ್ ಅವರ ಬೆನ್ನ ಹಿಂದಿದ್ದವರಲ್ಲಿ ನಾಲ್ವರು, ಎರಡು ವರ್ಷದ ನಂತರ, ಬೇರುಗಳಿಗೆ ಮರಳಿದ ಸಂಗೀತವೆಂದು ಲೋಕ ಕೊಂಡಾಡಿದ ಆಲ್ಬಂ ಮಾಡಿದರು.

ಆ ಎರಡು ವರ್ಷಗಳಲ್ಲಿ ನಡೆದದ್ದು ಮುಖ್ಯ. ವುಡ್‌ಸ್ಟಾಕ್ ಸಮೀಪದ ವೆಸ್ಟ್ ಸಾಗರ್ಟೀಸ್‌ನಲ್ಲಿ ಗುಲಾಬಿ ಬಣ್ಣದ ಒಂದು ಬಾಡಿಗೆ ಮನೆ. ಅದೇ ‘ಬಿಗ್ ಪಿಂಕ್’. 1967ರಲ್ಲಿ ಅದರ ನೆಲಮಾಳಿಗೆಯಲ್ಲಿ ಡಿಲನ್ ಮತ್ತು ಈ ಹುಡುಗರು ಸೇರಿ ನೂರಕ್ಕೂ ಹೆಚ್ಚು ಹಾಡುಗಳನ್ನು ಟೇಪಿಗೆ ತುಂಬಿದರು: ಹಳೆಯ ಲಾವಣಿ, ಕಂಟ್ರಿ ಹಾಡು, ನಿಂತ ನಿಲುವಿನಲ್ಲಿ ಕಟ್ಟಿದ ಹೊಸ ಪದ. ಯಾರಿಗೂ ಕೇಳಿಸಬೇಕೆಂಬ ಒತ್ತಡ ಇರಲಿಲ್ಲ. ಅದೇ ನೆಲಮಾಳಿಗೆಯಲ್ಲಿ ನಮ್ಮ ದೇಶದ ದನಿಯೂ ಮೊಳಗಿತು. ಡಿಲನ್ ಅವರ ವ್ಯವಸ್ಥಾಪಕ ಆಲ್ಬರ್ಟ್ ಗ್ರಾಸ್‌ಮನ್ ಬಂಗಾಳದಿಂದ ಕರೆಸಿಕೊಂಡಿದ್ದ ಪೂರ್ಣದಾಸ್, ಲಕ್ಷ್ಮಣದಾಸ್ ಮೊದಲಾದ ಬಾವುಲರು ಅಲ್ಲಿ ಹಾಡಿದರು, ಗಾರ್ತ್ ಹಡ್ಸನ್ ಧ್ವನಿಮುದ್ರಿಸಿದರು. ಅದು ‘ಬೆಂಗಾಲಿ ಬಾವುಲ್ಸ್ ಅಟ್ ಬಿಗ್ ಪಿಂಕ್’ ಎಂಬ ಹೆಸರಿನಲ್ಲಿ ಹೊರಬಂತು. ಡಿಲನ್ ಅವರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಂ ಮುಖಪುಟದಲ್ಲಿ ಅವರ ಅಕ್ಕಪಕ್ಕ ನಿಂತಿರುವವರು ಇದೇ ಇಬ್ಬರು ಬಾವುಲರು. ಏಕತಾರಿ ಹಿಡಿದ ತತ್ವಪದಕಾರರನ್ನು ಕೇಳಿ ಬೆಳೆದ ಕನ್ನಡಿಗರಿಗೆ ಆ ದನಿ ಅಪರಿಚಿತ ಅನ್ನಿಸದು.

ಆಲ್ಬಂ ಧ್ವನಿಮುದ್ರಣವಾದದ್ದೂ ಗುಲಾಬಿ ಮನೆಯಲ್ಲೇ ಎಂಬ ನಂಬಿಕೆ ಕೇಳುಗರಲ್ಲಿ ಇಂದಿಗೂ ಬಲವಾಗಿದೆ. ಅದು ಹಾಗಲ್ಲ. ನ್ಯೂಯಾರ್ಕ್ ಮತ್ತು ಲಾಸ್ ಏಂಜಲಿಸ್‌ನ ಸ್ಟುಡಿಯೊಗಳಲ್ಲಿ, ಜಾನ್ ಸೈಮನ್ ಅವರ ನಿರ್ಮಾಣದಲ್ಲಿ, 1968ರ ಆರಂಭದಲ್ಲಿ ಹಾಡುಗಳು ದಾಖಲಾದವು. ಆದರೆ ನಂಬಿಕೆಗೆ ಆಧಾರ ಇಲ್ಲದಿಲ್ಲ. ವಾದ್ಯಗಳ ನಡುವೆ ತಡಿಕೆಗಳನ್ನಿಟ್ಟು ಒಬ್ಬೊಬ್ಬರನ್ನೂ ಬೇರೆ ಕೂರಿಸುವ ಸ್ಟುಡಿಯೊ ಕ್ರಮವನ್ನು ಬಿಟ್ಟು, ನೆಲಮಾಳಿಗೆಯಲ್ಲಿದ್ದಂತೆಯೇ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ವೃತ್ತವಾಗಿ ಕುಳಿತು ನುಡಿಸಿದರು. ಭಜನೆಯಲ್ಲಿ ಒಬ್ಬರು ಎತ್ತಿಕೊಂಡ ಸೊಲ್ಲನ್ನು ಪಕ್ಕದವರು ನಡುವೆಯೇ ಕೈಗೆತ್ತಿಕೊಳ್ಳುವಂತೆ, ಇಲ್ಲಿ ಮ್ಯಾನ್ಯುಯೆಲ್, ಡ್ಯಾಂಕೊ, ಅಷ್ಟರಲ್ಲಿ ತಂಡಕ್ಕೆ ಮರಳಿದ್ದ ಹೆಲ್ಮ್ ಒಬ್ಬರ ಸಾಲನ್ನು ಇನ್ನೊಬ್ಬರು ಮುಂದುವರಿಸುತ್ತಾರೆ. ನುಣುಪಾದ ಹೊಂದಾಣಿಕೆಯಲ್ಲ ಅದು. ಮೂರು ಗಂಟಲುಗಳ ಒರಟು ಬೇರೆಬೇರೆಯಾಗಿಯೇ ಕೇಳುತ್ತದೆ.

ಕಾಲವೂ ಈ ಆಲ್ಬಮ್ಮಿಗೆ ಎದುರಾಗಿತ್ತು. ಮೂವತ್ತು ದಾಟಿದವರನ್ನು ನಂಬಬೇಡಿ ಎಂದು ಅಮೆರಿಕದ ಯುವಜನ ಘೋಷಣೆ ಕೂಗುತ್ತಿದ್ದ ದಿನಗಳು. ಗಿಟಾರ್‌ಗಳು ಕಿವಿಗಡಚಿಕ್ಕುತ್ತಿದ್ದವು, ಆಲ್ಬಂ ಹೊದಿಕೆಗಳಲ್ಲಿ ಬಣ್ಣಗಳ ಜಾತ್ರೆ. ಇಂಥದ್ದರಲ್ಲಿ ಬಿಗ್ ಪಿಂಕ್ ಶುರುವಾಗುವುದು ‘ಟಿಯರ್ಸ್ ಆಫ್ ರೇಜ್’ ಎಂಬ ನಿಧಾನಗತಿಯ ಹಾಡಿನಿಂದ. ದೂರವಾದ ಮಗಳನ್ನು ನೆನೆದು ಮರುಗುವ ತಂದೆಯ ಅಳಲು ಅದು. ಹೊದಿಕೆಯ ಒಳಗಿನ ಚಿತ್ರವಂತೂ ಇನ್ನೂ ಧೈರ್ಯದ್ದು: ಡ್ಯಾಂಕೊ ಅವರ ಸಹೋದರನ ತೋಟದಲ್ಲಿ ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ಸೇರಿ ಬಂಧುಬಳಗ ಸಾಲಾಗಿ ನಿಂತ ಕುಟುಂಬದ ಫೋಟೊ. ಎಲಿಯಟ್ ಲ್ಯಾಂಡಿ ತೆಗೆದದ್ದು. ಮುಖಪುಟಕ್ಕೆ ಡಿಲನ್ ಬರೆದ ವರ್ಣಚಿತ್ರ; ಅದರ ಮೇಲೆ ತಂಡದ ಹೆಸರಿಲ್ಲ. ಬಿಡುಗಡೆಯ ನಂತರ ಡ್ಯಾಂಕೊ ಕಾರು ಅಪಘಾತದಲ್ಲಿ ಕುತ್ತಿಗೆ ಮುರಿದುಕೊಂಡದ್ದರಿಂದ ಕಛೇರಿಗಳೂ ನಡೆಯಲಿಲ್ಲ. ದಿ ಬ್ಯಾಂಡ್ ಎಂಬ ಹೆಸರಿನಲ್ಲಿ ಅವರು ಮೊದಲು ವೇದಿಕೆ ಏರಿದ್ದು 1969ರ ಏಪ್ರಿಲ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್‌ನಲ್ಲಿ. ಒಂಬತ್ತು ತಿಂಗಳು ಕೇಳುಗರ ಕೈಯಲ್ಲಿದ್ದದ್ದು ಹನ್ನೊಂದು ಹಾಡುಗಳು ಮಾತ್ರ.

ಆ ಹನ್ನೊಂದು ಹಾಡುಗಳೇ ಕೆಲಸ ಮಾಡಿದವು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಮೆಚ್ಚಿ ಬರೆದವರು ಆಲ್ ಕೂಪರ್. 1965ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಕಛೇರಿಯಲ್ಲಿ ಡಿಲನ್, ರಾಬರ್ಟ್ಸನ್, ಹೆಲ್ಮ್ ಜೊತೆ ನಿಂತು ಬೈಗುಳ ಕೇಳಿಸಿಕೊಂಡವರಲ್ಲಿ ಅವರೂ ಒಬ್ಬರು. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ 1968ರ ಕೊನೆಯಲ್ಲಿ ವುಡ್‌ಸ್ಟಾಕ್‌ಗೇ ಬಂದು ಇವರ ಜೊತೆ ಕೆಲದಿನ ಕಳೆದರು. ಲಂಡನ್ನಿನ ‘ಫೇರ್‌ಪೋರ್ಟ್ ಕನ್ವೆನ್ಶನ್’ ತಂಡದ ಪ್ರತಿಕ್ರಿಯೆ ಎಲ್ಲಕ್ಕಿಂತ ಫಲವತ್ತಾದದ್ದು. ಅಮೆರಿಕದ ಮಣ್ಣಿನ ಸಂಗೀತವನ್ನು ಇಷ್ಟು ಚೆನ್ನಾಗಿ ಇವರೇ ಹಾಡಿರುವಾಗ ನಾವೇಕೆ ಅದರ ನಕಲು ಮಾಡಬೇಕು ಎಂದು ಯೋಚಿಸಿದ ಆ ತಂಡ, ಇಂಗ್ಲೆಂಡಿನ ಹಳೆಯ ಲಾವಣಿಗಳತ್ತ ತಿರುಗಿ 1969ರಲ್ಲಿ ‘ಲೀಜ್ ಅಂಡ್ ಲೀಫ್’ ಮಾಡಿತು. ಕೇಳುಗರ ಅಭಿಪ್ರಾಯ ಎಂದರೆ ಇದು. ಒಂದು ಮಣ್ಣಿನ ಹಾಡು ಇನ್ನೊಂದು ನಾಡಿನವರಿಗೆ ತಮ್ಮದೇ ಮಣ್ಣನ್ನು ನೆನಪಿಸಿತು. ಮರುವರ್ಷ ಎಲ್ಟನ್ ಜಾನ್ ಮತ್ತು ಬರ್ನಿ ಟಾಪಿನ್ ‘ಟಂಬಲ್‌ವೀಡ್ ಕನೆಕ್ಷನ್’ ಕಟ್ಟಿದಾಗಲೂ ಕಣ್ಣೆದುರು ಇದ್ದದ್ದು ದಿ ಬ್ಯಾಂಡ್.

‘ದಿ ವೆಯ್ಟ್’ ಹಾಡಿನ ಹಾದಿ ಇನ್ನೂ ಸ್ವಾರಸ್ಯಕರ. ಬ್ಯಾಂಡಿನವರೇ ಹಾಡಿದಾಗ 63ರಲ್ಲಿ ನಿಂತದ್ದನ್ನು ಅರೀಥಾ ಫ್ರಾಂಕ್ಲಿನ್ 1969ರಲ್ಲಿ ಹಾಡಿ 19ಕ್ಕೆ ಏರಿಸಿದರು. ಸ್ಲೈಡ್ ಗಿಟಾರ್ ನುಡಿಸಿದ್ದು ಡುವೇನ್ ಆಲ್‌ಮನ್. ಅದಕ್ಕೂ ಮೊದಲೇ ಸ್ಟೇಪಲ್ ಸಿಂಗರ್ಸ್ ಅದನ್ನು ತಮ್ಮದಾಗಿಸಿಕೊಂಡಿದ್ದರು. ಗಾಸ್ಪೆಲ್‌ನಿಂದ ಕಡ ಪಡೆದದ್ದು ಗಾಸ್ಪೆಲ್ ಮನೆತನಕ್ಕೇ ಮರಳಿತು. ಹಾಡಿನಲ್ಲಿ ಬರುವ ನಜರೆತ್ ಏಸುವಿನ ಊರೇ ಇರಬೇಕೆಂದು ಬಹುಪಾಲು ಕೇಳುಗರು ಭಾವಿಸಿದರು. ರಾಬರ್ಟ್ಸನ್ ಅವರಿಗೆ ಆ ಹೆಸರು ಸಿಕ್ಕಿದ್ದು ತಮ್ಮ ಮಾರ್ಟಿನ್ ಗಿಟಾರಿನ ಒಳಗೆ. ಆ ಗಿಟಾರುಗಳು ತಯಾರಾಗುವುದು ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ. ಹಾಗೆಂದು ಕೇಳುಗರ ಊಹೆ ತಪ್ಪಾಯಿತೇ? ಇಲ್ಲ. ದಣಿದು ಊರಿಗೆ ಬಂದವನಿಗೆ ತಲೆಯಿಡಲು ಜಾಗ ಸಿಗದ ಕಥೆಯಲ್ಲಿ ಬೈಬಲ್ಲಿನ ನೆರಳು ಕಂಡದ್ದು ಸಹಜ. ಅಂಥ ಊಹೆಗಳನ್ನು ತಾಳಿಕೊಳ್ಳುವ ಗಟ್ಟಿತನ ಆ ಹಾಡಿಗಿದೆ.

ಆಕ್ಷೇಪಗಳಲ್ಲೂ ಹುರುಳಿದೆ. ಧ್ವನಿ ಮಂಕು ಎನ್ನುವವರಿದ್ದಾರೆ. ನಾಲ್ವರು ಕೆನಡಾದವರು ಅಮೆರಿಕದ ದಕ್ಷಿಣ ಸೀಮೆಯನ್ನು ಕಲ್ಪಿಸಿಕೊಂಡು ಹಾಡಿದ್ದು ಎಷ್ಟು ಪ್ರಾಮಾಣಿಕ ಎಂದು ಕೇಳುವವರೂ ಇದ್ದಾರೆ. ಎರಡನೆಯದು ತೂಕದ ಪ್ರಶ್ನೆ. ಉತ್ತರ ಹೆಲ್ಮ್ ಅವರ ಕಂಠದಲ್ಲಿದೆ, ವರ್ಷಗಟ್ಟಲೆ ಆ ಸೀಮೆಯ ಹೋಟೆಲು ಬಾರುಗಳಲ್ಲಿ ಇವರು ಬೆವರು ಸುರಿಸಿದ್ದರಲ್ಲಿದೆ. ‘ಚೆಸ್ಟ್ ಫೀವರ್’ನ ಪದಗಳಿಗೆ ಅರ್ಥವಿಲ್ಲ ಎಂಬ ದೂರನ್ನು ಮಾತ್ರ ಒಪ್ಪಲೇಬೇಕು. ಬಾಖ್ ಅವರ ಟೊಕಾಟಾವನ್ನು ನೆನಪಿಸಿ ಶುರುವಾಗುವ ಹಡ್ಸನ್ ಅವರ ಆರ್ಗನ್ ಇಲ್ಲದಿದ್ದರೆ ಆ ಹಾಡು ನಿಲ್ಲುತ್ತಿರಲಿಲ್ಲ.

ಐವತ್ತು ವರ್ಷಗಳ ನಂತರದ ಒಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಿಷಿಗನ್ ರಾಜ್ಯದ ಫ್ರಾಂಕೆನ್‌ಮುತ್ ಎಂಬ ಪುಟ್ಟ ಊರಿನ ‘ಗ್ರೇಟಾ ವ್ಯಾನ್ ಫ್ಲೀಟ್’ ತಂಡದಲ್ಲಿ ಮೂವರು ಸಹೋದರರು, ಒಬ್ಬ ಗೆಳೆಯ. 2018ರ ಅಕ್ಟೋಬರ್ 19ರಂದು ಅವರ ಮೊದಲ ಪೂರ್ಣ ಆಲ್ಬಂ ಬಂದಾಗ ಅವಳಿ ಅಣ್ಣಂದಿರಿಗೆ 22, ತಮ್ಮನಿಗೆ 19. ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಹಾರಿತು. ಸಂಗೀತ ವಿಮರ್ಶೆಯ ಜಾಲತಾಣ ‘ಪಿಚ್‌ಫೋರ್ಕ್’ ಹತ್ತಕ್ಕೆ 1.6 ಅಂಕ ಕೊಟ್ಟಿತು. ಒಂದು ಗುಂಪಿಗೆ ಇವರು ರಾಕ್ ಸಂಗೀತದ ಉದ್ಧಾರಕರು, ಇನ್ನೊಂದಕ್ಕೆ ಲೆಡ್ ಜೆಪ್ಲಿನ್‌ನ ನಕಲುಗಾರರು. ಹೋಲಿಕೆ ಇದ್ದದ್ದು ಸತ್ಯ. ಆದರೆ 1969ರಲ್ಲಿ ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಂ ಅನ್ನೂ ರೋಲಿಂಗ್ ಸ್ಟೋನ್ ತಳ್ಳಿಹಾಕಿತ್ತು. ಆ ತಂಡದ ಮೇಲೂ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ ಅವರ ಋಣ ಬೇಕಾದಷ್ಟಿತ್ತು.

ಇಪ್ಪತ್ತರ ಆಸುಪಾಸಿನ ಹುಡುಗರ ಮೇಲೆ ಒಂದೇ ವಾರದಲ್ಲಿ ಬಿದ್ದ ಆ ಎರಡೂ ತೀರ್ಪುಗಳು ಅನ್ಯಾಯದವು, ಹೊಗಳಿಕೆಯದ್ದೂ ಸೇರಿ. ರಾಬರ್ಟ್ಸನ್ ಮತ್ತು ಗೆಳೆಯರು ಅದೇ ವಯಸ್ಸಿನಲ್ಲಿ ಇತರರ ಹಾಡುಗಳನ್ನು ಅನುಕರಿಸುತ್ತಲೇ ಇದ್ದರು. ಅದಕ್ಕೆ ಅಂಕ ಕೊಡುವವರು ಆ ಬಾರ್‌ಗಳಲ್ಲಿ ಇರಲಿಲ್ಲ, ಅಷ್ಟೆ. ಬಿಗ್ ಪಿಂಕ್ ಹೆಸರಿಗೆ ಮೊದಲ ಆಲ್ಬಂ. ಅದರ ಹಿಂದೆ ಲೆಕ್ಕಕ್ಕೆ ಬಾರದ ಏಳೆಂಟು ವರ್ಷಗಳಿದ್ದವು. ಇಂದಿನ ತಂಡಗಳಿಗೆ ಇಲ್ಲದಿರುವುದು ಆ ಅಜ್ಞಾತವಾಸ. ಅದನ್ನು ಯಾರೂ ಮರಳಿ ಕೊಡಲಾರರು. ಕೇಳುಗರು ಕೊಡಬಲ್ಲದ್ದು ಎರಡನೆಯ, ಮೂರನೆಯ ಆಲ್ಬಂವರೆಗೂ ಕಾಯುವ ಸಹನೆ.

2018ರಲ್ಲೇ ಬಿಗ್ ಪಿಂಕ್‌ನ ಸುವರ್ಣ ವರ್ಷಕ್ಕೆಂದು ಬಾಬ್ ಕ್ಲಿಯರ್‌ಮೌಂಟನ್ ಹೊಸ ಮಿಕ್ಸ್ ಸಿದ್ಧಪಡಿಸಿದರು. ವಾದ್ಯಗಳು ಬಿಡಿಬಿಡಿಯಾಗಿ ಕೇಳತೊಡಗಿದವೆಂದು ಕೆಲವರಿಗೆ ಖುಷಿಯಾಯಿತು. ಹಳೆಯ ಮಬ್ಬೇ ಅದರ ಜೀವವಾಗಿತ್ತೆಂದು ಕೆಲವರು ನೊಂದುಕೊಂಡರು. ಮೊದಲ ಸಲ ಕೇಳುವವರು ಹಳೆಯದರಿಂದಲೇ ಆರಂಭಿಸುವುದು ಮೇಲು. ‘ದಿ ವೆಯ್ಟ್’ಗೆ ನೇರ ಹಾರದೆ ‘ಟಿಯರ್ಸ್ ಆಫ್ ರೇಜ್’ನಿಂದ ಕ್ರಮವಾಗಿ ಕೇಳಿಕೊಂಡು ಬಂದರೆ, ಈ ಆಲ್ಬಂ ಬಗ್ಗೆ ಬೇರೂರಿರುವ ಒಂದು ಅಭಿಪ್ರಾಯವನ್ನೇ ತಿದ್ದಬೇಕಾಗುತ್ತದೆ. ಹಾಡು ಬರೆದವರು ಎಂದೊಡನೆ ರಾಬರ್ಟ್ಸನ್ ಹೆಸರು ಬರುತ್ತದೆ. ಹಾಡುಗಳ ಶ್ರೇಯ ಹಂಚಿಕೆಯಾದ ಬಗೆಯ ಕುರಿತು ಹೆಲ್ಮ್ 1993ರ ತಮ್ಮ ಆತ್ಮಕಥೆಯಲ್ಲಿ ಕಹಿಯಾಗಿಯೇ ಬರೆದರು. ಈ ಆಲ್ಬಂನಲ್ಲಿ ರಾಬರ್ಟ್ಸನ್ ಹೆಸರಿನಲ್ಲಿರುವುದು ನಾಲ್ಕು ಹಾಡು. ಡಿಲನ್ ಜೊತೆ ರಚಿಸಿದ ‘ಟಿಯರ್ಸ್ ಆಫ್ ರೇಜ್’ ಸೇರಿಸಿದರೆ ರಿಚರ್ಡ್ ಮ್ಯಾನ್ಯುಯೆಲ್ ಅವರದ್ದೂ ನಾಲ್ಕು: ‘ಇನ್ ಎ ಸ್ಟೇಷನ್’, ‘ವಿ ಕ್ಯಾನ್ ಟಾಕ್’, ‘ಲೋನ್‌ಸಮ್ ಸೂಜಿ’ ಉಳಿದ ಮೂರು. 1986ರಲ್ಲಿ, 42ನೇ ವಯಸ್ಸಿನಲ್ಲಿ ತೀರಿಕೊಂಡ ಮ್ಯಾನ್ಯುಯೆಲ್ ಅವರಿಗೆ ಕೇಳುಗರು ಸಲ್ಲಿಸಬೇಕಾದ ಬಾಕಿ ಇನ್ನೂ ತೀರಿಲ್ಲ. ಅದನ್ನು ತೀರಿಸಲು ತೊಡಗುವವರು ‘ಲೋನ್‌ಸಮ್ ಸೂಜಿ’ಯನ್ನು ಒಮ್ಮೆ ಕೇಳಿ ಮುಂದೆ ಹೋಗದೆ, ಇನ್ನೊಂದು ಸಲ ಹಾಕಿ ಕೇಳಲಿ.