ದೆವ್ವದ ವೇಷಕ್ಕಿಂತ ನನಗೆ ಮೇಣದಬತ್ತಿಯ ಭಯ



ಅಕ್ಟೋಬರ್ 31 ಹತ್ತಿರ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಚರ್ಚೆ: ಹ್ಯಾಲೊವೀನ್ ಆಚರಿಸಬಹುದೇ, ಬಾರದೇ? ಮಕ್ಕಳು ಶಾಲೆಯಿಂದ ಮುಖವಾಡ ತರುತ್ತಾರೆ, ಮನೆಯಲ್ಲಿ ಅಜ್ಜಿ ಬೈಯುತ್ತಾರೆ. ಆ ಚರ್ಚೆಗೆ ನಾನು ಹೋಗುವುದಿಲ್ಲ. ನಮ್ಮ ಪೆದ್ದೆಮುಲ್ ಕಡೆಯ ಮಕ್ಕಳ ಬಗ್ಗೆ ನನಗೆ ಹೆಚ್ಚು ಭಯ ಎರಡು ದಿನ ಬಿಟ್ಟು, ನವೆಂಬರ್ 2ರಂದು, ಮೃತರ ಸ್ಮರಣೆಯ ಸಂಜೆ.

ಪೂಜೆ ಮುಗಿಸಿ ಎಲ್ಲರೂ ಸಮಾಧಿಗಳ ಹತ್ತಿರ ಹೋಗುತ್ತೇವೆ. ತಾಂಡೂರು ಬಂಡೆಯ ಮೇಲೆ ಚೆಂಡುಹೂವು, ಸುತ್ತ ಹತ್ತಾರು ಮೇಣದಬತ್ತಿ. ಅವುಗಳ ನಡುವೆ ನೆಟ್ ಫ್ರಾಕ್ ಹಾಕಿದ ಚಿಕ್ಕ ಮಕ್ಕಳ ಓಡಾಟ. ಹೋದ ವರ್ಷ ಒಂದು ಮಗುವಿನ ಫ್ರಾಕಿನ ಅಂಚಿಗೆ ಬೆಂಕಿ ತಗುಲಿತು. ತಾಯಿ ಕೈಯಿಂದಲೇ ಬಡಿದು ಆರಿಸಿದರು. ಮಗುವಿಗೆ ಏನೂ ಆಗಲಿಲ್ಲ, ತಾಯಿಯ ಅಂಗೈ ಸುಟ್ಟಿತು. ಒಬ್ಬರು ಟೂತ್‌ಪೇಸ್ಟ್ ತರಲು ಓಡಿದರು. ಬಿಎಸ್ಸಿ ಓದಿದ ನಾನು ಸುಮ್ಮನೆ ನಿಂತಿದ್ದೆ.

ಆಮೇಲೆ ಓದಿ ತಿಳಿದುಕೊಂಡೆ. ನೈಲಾನ್, ಪಾಲಿಸ್ಟರ್ ಸುಟ್ಟಾಗ ಕರಗಿ ಚರ್ಮಕ್ಕೆ ಅಂಟುತ್ತವೆ. ಅಂಟಿದ ಬಟ್ಟೆಯನ್ನು ಎಳೆಯಬಾರದು. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು. ಐಸ್ ಬೇಡ, ಪೇಸ್ಟ್ ಬೇಡ, ಇಂಕ್ ಬೇಡ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಬೇಕು, 108ಕ್ಕೆ ಫೋನ್ ಮಾಡಬೇಕು. ಬಟ್ಟೆಗೆ ಬೆಂಕಿ ಹತ್ತಿದರೆ ಓಡದೆ ನೆಲದ ಮೇಲೆ ಉರುಳಬೇಕು. ಇದನ್ನು ಧರ್ಮೋಪದೇಶ ತರಗತಿಯಲ್ಲಿ ಒಂದು ಭಾನುವಾರ ಆಟದಂತೆ ಮಾಡಿಸಿದರೆ ಸಾಕು, ಮಕ್ಕಳು ಮರೆಯುವುದಿಲ್ಲ.

2014ರ ಹ್ಯಾಲೊವೀನ್ ರಾತ್ರಿ ಇಂಗ್ಲೆಂಡಿನ ಟಿವಿ ನಿರೂಪಕಿ ಕ್ಲಾಡಿಯಾ ವಿಂಕಲ್‌ಮನ್ ಅವರ ಎಂಟು ವರ್ಷದ ಮಗಳ ವೇಷಕ್ಕೆ ಮೇಣದಬತ್ತಿಯ ಬೆಂಕಿ ತಗುಲಿ ಮಗು ತೀವ್ರವಾಗಿ ಸುಟ್ಟುಕೊಂಡಿತು. ಅಲ್ಲಿ ಇಂಥ ವೇಷಗಳನ್ನು ಉಡುಪು ಎಂದಲ್ಲ, ಆಟಿಕೆ ಎಂದು ಪರಿಗಣಿಸುತ್ತಿದ್ದರು. ಆಟಿಕೆಗೆ ಬೆಂಕಿಯ ನಿಯಮ ಸಡಿಲ.

ನಮ್ಮಲ್ಲಿ ಕೆಲವರು ಹೇಳುತ್ತಾರೆ, ದೆವ್ವದ ವೇಷ ಬೇಡ, ನವೆಂಬರ್ 1ರಂದು ಸಂತರ ವೇಷ ಹಾಕಿಸೋಣ ಎಂದು. ನನಗೂ ಇಷ್ಟವೇ. ಆದರೆ ಹತ್ತಿಯ ಗಡ್ಡ, ಥರ್ಮಾಕೋಲಿನ ರೆಕ್ಕೆ, ಉದ್ದ ನಿಲುವಂಗಿ ಹಾಕಿದ ಮಗುವಿನ ಕೈಗೆ ಮೇಣದಬತ್ತಿ ಕೊಟ್ಟರೆ? ಸಂತರ ವೇಷವೆಂದು ಬೆಂಕಿ ಬಿಡುವುದಿಲ್ಲ.

ತಿಂಡಿಯ ವಿಷಯವೂ ಇದೆ. ಹೊಗೆ ಬರುವ ಸ್ಮೋಕ್ ಬಿಸ್ಕತ್ತು ಮಕ್ಕಳಿಗೆ ದೆವ್ವದ ಆಟದಂತೆ ಕಾಣುತ್ತದೆ. ಅದರಲ್ಲಿರುವ ದ್ರವ ಸಾರಜನಕದ ಉಷ್ಣತೆ ಮೈನಸ್ 196 ಡಿಗ್ರಿ. 2024ರಲ್ಲಿ ದಾವಣಗೆರೆಯ ಹುಡುಗನೊಬ್ಬ ತಿಂದು ನರಳಿದ ವಿಡಿಯೊ ನೀವೂ ನೋಡಿರಬಹುದು. ಮಕ್ಕಳಿಗೆ ಕೊಡಿಸಬೇಡಿ.

ಈ ವರ್ಷ ನನ್ನ ವಿನಂತಿ ಇಷ್ಟು. ಶಿಲುಬೆಯ ಮುಂದೆ ಮರಳು ತುಂಬಿದ ತಟ್ಟೆಗಳನ್ನು ಇಡೋಣ, ಮೇಣದಬತ್ತಿಗಳು ಅಲ್ಲಿಯೇ ಉರಿಯಲಿ. ದೊಡ್ಡವರು ಹಚ್ಚಲಿ, ಮಕ್ಕಳು ಹೂವು ಇಡಲಿ. ಅವರಿಗೆ ಹತ್ತಿಯ ಬಟ್ಟೆ, ಕಾಲಿಗೆ ಬೂಟು ಹಾಕಿಸಿ. ಸುತ್ತ ತೊಗರಿ ಬೆಳೆದು ನಿಂತಿರುವ ಕಾಲ, ಹಾವು ಓಡಾಡುತ್ತವೆ, ಟಾರ್ಚ್ ಮರೆಯಬೇಡಿ. ಎರಡು ಬಕೆಟ್ ನೀರು, ಮಗ್ಗು ನಾವು ಯುವಕರು ತರುತ್ತೇವೆ. ಮರಳು ಯಾರ ಮನೆಯಲ್ಲಿದೆ ಎಂದು ಈ ಭಾನುವಾರವೇ ಹೇಳಿ.